ಬಹಿರಂಗ–ಅಂತರಂಗ: ಬೀದರ ಸೀಮೆಯಲ್ಲಿ ಯೋಗದ ಒಂದು ಹಳೆಯ ಪ್ರಶ್ನೆ

ಯೋಗದ ಮಾತು ಬಂದಾಗಲೆಲ್ಲ ನಮ್ಮ ವಿದ್ಯಾವಂತರಲ್ಲಿ ಎರಡು ಪಕ್ಷಗಳಾಗುತ್ತವೆ. ಒಂದು ಪಕ್ಷದವರಿಗೆ ಯೋಗವೆಂದರೆ ಆಸನ. ಬೆನ್ನುನೋವು ಹೋಗಬೇಕು, ನಿದ್ದೆ ಬರಬೇಕು, ಬೊಜ್ಜು ಕರಗಬೇಕು. ಅಷ್ಟಾದರೆ ಯೋಗ ಸಾರ್ಥಕ. ಇನ್ನೊಂದು ಪಕ್ಷದವರು ಇದನ್ನು ಕಂಡು ಮುಗುಳುನಗುತ್ತಾರೆ. ಇದೆಲ್ಲ ಬರಿಯ ಬಹಿರಂಗ, ನಿಜವಾದ ಯೋಗ ಅಂತರಂಗದ್ದು, ಧ್ಯಾನದ್ದು, ಸಮಾಧಿಯದ್ದು ಎನ್ನುತ್ತಾರೆ. 2015ರಿಂದ ವರ್ಷ ವರ್ಷವೂ ಜೂನ್ 21ರಂದು ಅಂತರರಾಷ್ಟ್ರೀಯ ಯೋಗದಿನ ನಡೆಯತೊಡಗಿದ ಮೇಲೆ ಈ ವಾದ ಇನ್ನಷ್ಟು ಜೋರಾಗಿದೆ. ವಿಶೇಷವೆಂದರೆ, ಜಗಳವಾಡುವ ಇಬ್ಬರೂ ಒಂದು ವಿಷಯದಲ್ಲಿ ಏಕಾಭಿಪ್ರಾಯದವರು. ಬಹಿರಂಗವೆಂದರೆ ದೇಹ, ಅಂತರಂಗವೆಂದರೆ ಮನಸ್ಸು ಎಂಬುದು ಇಬ್ಬರ ನಂಬಿಕೆ. ಪತಂಜಲಿಯ ಗ್ರಂಥವನ್ನು ತೆರೆದು ನೋಡಿದರೆ ಆ ನಂಬಿಕೆಯೇ ಸರಿಯಲ್ಲವೆಂದು ಕಾಣುತ್ತದೆ. ಬೀದರ ಸೀಮೆಯ ಒಂಬೈನೂರು ವರ್ಷಗಳ ಚರಿತ್ರೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ.

ಮೊದಲು ಗ್ರಂಥದ ಮಾತು. ಯೋಗಸೂತ್ರದಲ್ಲಿ ನಾಲ್ಕು ಪಾದಗಳು, ಇನ್ನೂರಕ್ಕೆ ನಾಲ್ಕೈದು ಕಡಿಮೆ ಸೂತ್ರಗಳು. ಎರಡನೆಯ ಪಾದದಲ್ಲಿ ಯೋಗದ ಎಂಟು ಅಂಗಗಳ ಎಣಿಕೆ ಬರುತ್ತದೆ: ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣೆ, ಧ್ಯಾನ, ಸಮಾಧಿ. ಮೊದಲ ಐದರ ವಿವರಣೆ ಮುಗಿಯುವುದರೊಡನೆ ಎರಡನೆಯ ಪಾದವೂ ಮುಗಿಯುತ್ತದೆ. ಧಾರಣೆಯಿಂದ ಮೂರನೆಯ ಪಾದದ ಆರಂಭ. ಬಹಿರಂಗಕ್ಕೂ ಅಂತರಂಗಕ್ಕೂ ನಡುವೆ ಗೆರೆ ಎಳೆದಂತೆ ಗ್ರಂಥವೇ ಅಲ್ಲಿ ಒಂದು ಅಧ್ಯಾಯವನ್ನು ಮುಗಿಸಿ ಇನ್ನೊಂದನ್ನು ಹಿಡಿಯುತ್ತದೆ. ಅನಂತರ ಸೂತ್ರಕಾರನೇ ಸ್ಪಷ್ಟವಾಗಿ ಹೇಳುತ್ತಾನೆ: ಹಿಂದಿನ ಐದಕ್ಕೆ ಹೋಲಿಸಿದರೆ ಈ ಮೂರು ಅಂತರಂಗ ಸಾಧನಗಳು. ಆದರೆ ಅವನು ಅಲ್ಲಿಗೆ ನಿಲ್ಲುವುದಿಲ್ಲ. ಮರುಸೂತ್ರದಲ್ಲಿಯೇ, ಬೀಜವಿಲ್ಲದ ಸಮಾಧಿಗೆ ಈ ಮೂರೂ ಬಹಿರಂಗಗಳೇ ಎಂದುಬಿಡುತ್ತಾನೆ.

ಈ ಎರಡನೆಯ ಮಾತನ್ನು ನಾವು ಸಾಕಷ್ಟು ಗಮನಿಸಿಲ್ಲ. ಒಳಗು, ಹೊರಗು ಎನ್ನುವವು ಮನೆಯ ಎರಡು ಕೋಣೆಗಳಲ್ಲ. ಅವು ಸಂಬಂಧವನ್ನು ಹೇಳುವ ಪದಗಳು. ಪಡಸಾಲೆ ಬೀದಿಗೆ ಒಳಗು, ದೇವರಮನೆಗೆ ಹೊರಗು. ಸಂಸ್ಕೃತ ವ್ಯಾಕರಣದಲ್ಲಿಯೂ ಅಂತರಂಗ, ಬಹಿರಂಗ ಎಂಬ ಪದಗಳನ್ನು ಇದೇ ರೀತಿ ಬಳಸುತ್ತಾರೆ. ಒಂದು ಕಾರ್ಯವನ್ನು ಇನ್ನೊಂದರೊಡನೆ ಹೋಲಿಸಿದಾಗ, ಹತ್ತಿರದ ನಿಮಿತ್ತವುಳ್ಳದ್ದು ಅಂತರಂಗ, ದೂರದ ನಿಮಿತ್ತವುಳ್ಳದ್ದು ಬಹಿರಂಗ. ಸೂತ್ರಗಳ ಟೀಕಾಕಾರನಾದ ವಾಚಸ್ಪತಿಮಿಶ್ರನೂ ಈ ದಾರಿಯಲ್ಲಿಯೇ ಅರ್ಥ ಹೇಳುತ್ತಾನೆ. ಸಾಧಿಸಬೇಕಾದ ಗುರಿಗೂ ಸಾಧನಕ್ಕೂ ವಿಷಯ ಒಂದೇ ಆಗಿದ್ದರೆ ಆ ಸಾಧನ ಅಂತರಂಗ. ದೇಹ, ಮನಸ್ಸು ಎಂಬ ಭೇದಕ್ಕೆ ಇಲ್ಲಿ ಎಡೆಯಿಲ್ಲ.

ಇದಕ್ಕೆ ಸಾಕ್ಷಿ ಬೇಕಾದರೆ ಆ ಐದು ಬಹಿರಂಗಗಳ ಒಳಗೆ ಏನೇನಿದೆ ಎಂದು ನೋಡಬೇಕು. ಯಮವೆಂದರೆ ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ. ನಿಯಮವೆಂದರೆ ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ. ಸತ್ಯ ಬರಿಯ ದೇಹದ ಕೆಲಸವೇ? ಇದ್ದುದರಲ್ಲಿ ತೃಪ್ತಿಪಡುವುದು ಮೈಯ ಕಸರತ್ತೇ? ಈಶ್ವರನಿಗೆ ತನ್ನನ್ನು ಒಪ್ಪಿಸುವುದನ್ನೂ ಪತಂಜಲಿ ಬಹಿರಂಗದ ಲೆಕ್ಕದಲ್ಲಿಯೇ ಸೇರಿಸಿದ್ದಾನೆ. ಇನ್ನೂ ಒಂದು ಅಂಶವುಂಟು. ಯಮ–ನಿಯಮಗಳಿಗೆ ಅವನು ಕೊಟ್ಟದ್ದು ಹದಿನಾರು ಸೂತ್ರಗಳನ್ನು. ಆಸನಕ್ಕೆ ಕೊಟ್ಟದ್ದು ಮೂರನ್ನು ಮಾತ್ರ. ಹೀಗಿರಲು ಬಹಿರಂಗವೆಂದರೆ ಆಸನ ಎಂದು ತಿಳಿಯುವವರು ಹೊಸ್ತಿಲನ್ನೇ ಮನೆಯೆಂದು ತಿಳಿದಂತಾಯಿತು. ಬಹಿರಂಗದ ಮೊದಲ ಮಾತು ನೆರೆಯವನನ್ನು ಕುರಿತದ್ದು. ಅವನನ್ನು ನೋಯಿಸಬೇಡ, ಅವನಿಗೆ ಸುಳ್ಳು ಹೇಳಬೇಡ, ಅವನದನ್ನು ಕದಿಯಬೇಡ, ಬೇಕಾದುದಕ್ಕಿಂತ ಹೆಚ್ಚು ಕೂಡಿಡಬೇಡ.

ಬೀದರ ಪಟ್ಟಣದ ಅಂಚಿನಲ್ಲಿರುವ ಝರಣಿ ನರಸಿಂಹನ ಗುಹೆ ಪ್ರಸಿದ್ಧವಾದದ್ದು. ಬಂಡೆಯ ಸುರಂಗದಲ್ಲಿ ಎದೆಮಟ್ಟದ ನೀರಿನೊಳಗೆ ನಡೆದು ಹೋದರೆ ಮಾತ್ರ ಕೊನೆಯಲ್ಲಿರುವ ದೇವರ ದರ್ಶನ. ನೀರಿಗೆ ಇಳಿಯದೆ ದರ್ಶನವಿಲ್ಲ. ನೀರಿನಲ್ಲಿ ನಿಂತ ಮಾತ್ರಕ್ಕೆ ದರ್ಶನವೂ ಆಗುವುದಿಲ್ಲ. ಬಹಿರಂಗ–ಅಂತರಂಗಗಳ ಸಂಬಂಧವನ್ನು ಈ ಸೀಮೆಯ ಸಾಮಾನ್ಯ ಭಕ್ತ ಶಾಸ್ತ್ರ ಓದದೆಯೇ ಅರಿತಿದ್ದಾನೆ. ಆದರೆ ಆ ನೀರಿನಲ್ಲಿ ಅವನು ಒಬ್ಬನೇ ನಡೆಯುವುದಿಲ್ಲ, ಮುಂದೊಬ್ಬ ಹಿಂದೊಬ್ಬ ಇರುತ್ತಾರೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಈ ಸೀಮೆಯಲ್ಲಿ ಯೋಗವಿಚಾರಕ್ಕೆ ದೊಡ್ಡ ಲಿಖಿತ ಸಾಕ್ಷ್ಯವೊಂದು ದೊರೆಯುವುದು ಇಂದಿನ ಬಸವಕಲ್ಯಾಣದಲ್ಲಿ. ಅದು ಬೀದರ ಜಿಲ್ಲೆಯ ಊರು. ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಎಂದರೆ 1076ರಿಂದ 1126ರ ಅವಧಿಯಲ್ಲಿ, ವಿಜ್ಞಾನೇಶ್ವರ ಅಲ್ಲಿ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದನು. ಮಿತಾಕ್ಷರಾ ಎಂದೊಡನೆ ವಕೀಲರಿಗೆ ನೆನಪಾಗುವುದು ಆಸ್ತಿ ಹಂಚಿಕೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬರುವವರೆಗೆ ಬಂಗಾಲದ ಕಡೆಯ ಭಾಗವನ್ನು ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಪಾಲುಪಟ್ಟಿಗೆ ಅದೇ ಆಧಾರವಾಗಿತ್ತು. ಸಾಲ, ಗಡಿ, ಸಾಕ್ಷಿ, ದಂಡ ಮುಂತಾದ ಲೌಕಿಕ ವ್ಯವಹಾರಗಳೇ ತುಂಬಿದ ಗ್ರಂಥವದು.

ಆದರೂ ಅದರ ಆರಂಭದಲ್ಲಿಯೇ ಒಂದು ಮಾತು ಬರುತ್ತದೆ. ಯಜ್ಞ, ಆಚಾರ, ಇಂದ್ರಿಯನಿಗ್ರಹ, ಅಹಿಂಸೆ, ದಾನ, ಸ್ವಾಧ್ಯಾಯಗಳನ್ನೆಲ್ಲ ಹೇಳಿ, ಯೋಗದಿಂದ ಆತ್ಮವನ್ನು ಕಾಣುವುದೇ ಎಲ್ಲಕ್ಕಿಂತ ಮೇಲಾದ ಧರ್ಮವೆಂದು ಸ್ಮೃತಿಕಾರ ನುಡಿಯುತ್ತಾನೆ. ಅಲ್ಲಿ ವಿಜ್ಞಾನೇಶ್ವರ ಯೋಗವೆಂಬ ಪದಕ್ಕೆ ಕೊಡುವ ಅರ್ಥ ಪತಂಜಲಿಯ ದಾರಿಯದೇ: ಹೊರಗಿನ ವಿಷಯಗಳ ಕಡೆಗೆ ಹರಿಯುವ ಚಿತ್ತವೃತ್ತಿಯನ್ನು ತಡೆಯುವುದು. ಆತ್ಮದರ್ಶನವೇ ಪರಮಧರ್ಮವೆಂದು ಮೊದಲಿಗೆ ಒಪ್ಪಿಕೊಂಡವನು, ಅಷ್ಟಕ್ಕೇ ನಿಲ್ಲಿಸದೆ, ಅಣ್ಣತಮ್ಮಂದಿರ ಪಾಲಿನ ಲೆಕ್ಕವನ್ನು ಪುಟಗಟ್ಟಲೆ ಬರೆದನೇಕೆ? ನೆರೆಯವನ ಹೊಲದ ಗಡಿಕಲ್ಲನ್ನು ಕಿತ್ತವನು ಕಣ್ಣುಮುಚ್ಚಿ ಕುಳಿತರೆ ಅವನ ಚಿತ್ತದಲ್ಲಿ ನಿಲ್ಲುವುದು ಆತ್ಮವಲ್ಲ, ಆ ಗಡಿಕಲ್ಲು. ಅಸ್ತೇಯವಿಲ್ಲದವನಿಗೆ ಧಾರಣೆಯೂ ಇಲ್ಲ. ನ್ಯಾಯಶಾಸ್ತ್ರ ಯೋಗಶಾಸ್ತ್ರಕ್ಕೆ ಹೊರಗಿನ ಅಂಗಳ ಎಂಬ ತಿಳಿವಳಿಕೆ ಆ ಗ್ರಂಥದ ರಚನೆಯಲ್ಲಿಯೇ ಇದೆಯೆಂದು ನಾನು ತಿಳಿಯುತ್ತೇನೆ.

ಅದೇ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಎರಡನೆಯ ಭಾಗದಲ್ಲಿ, ಕಳಚುರಿ ಬಿಜ್ಜಳನ ಕಾಲದಲ್ಲಿ, ಈ ಪ್ರಶ್ನೆ ಶಾಸ್ತ್ರವನ್ನು ಬಿಟ್ಟು ಬೀದಿಗೆ ಬಂದಿತು. ಶರಣರು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿಯನ್ನು ಅದರಲ್ಲಿ ನಿಲ್ಲಿಸಿದರು. ಕಣ್ಣಿಗೆ ಕಾಣುವ ಇಷ್ಟಲಿಂಗ ಸ್ಥೂಲದೇಹಕ್ಕೆ, ಪ್ರಾಣಲಿಂಗ ಸೂಕ್ಷ್ಮಕ್ಕೆ, ಭಾವಲಿಂಗ ಕಾರಣಶರೀರಕ್ಕೆ ಎಂದು ವೀರಶೈವ ಶಾಸ್ತ್ರ ವಿವರಿಸುತ್ತದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳ ಏರಿಕೆಯೂ ಹೊರಗಿನಿಂದ ಒಳಗಿಗೆ ಸಾಗುವ ದಾರಿಯೇ. ಇದು ಪತಂಜಲಿಯ ಅಷ್ಟಾಂಗದ ನಕಲಲ್ಲ. ಇದರ ದರ್ಶನ ಬೇರೆ, ದೈವಕಲ್ಪನೆ ಬೇರೆ. ಆದರೆ ಹೊರಗಿನದನ್ನು ಕೈಬಿಡದೆ ಅದನ್ನೇ ಒಳಗಿನದಾಗಿ ಮಾಡಿಕೊಳ್ಳಬೇಕೆಂಬ ಪ್ರಶ್ನೆಯನ್ನು ಎರಡೂ ಎದುರಿಸಿವೆ.

ಯಮಗಳ ವಿಷಯದಲ್ಲಿ ಪತಂಜಲಿ ಒಂದು ಕಠಿಣವಾದ ಷರತ್ತು ಹಾಕಿದ್ದಾನೆ. ಜಾತಿ, ದೇಶ, ಕಾಲ, ಸಂದರ್ಭಗಳ ಮಿತಿ ಇಲ್ಲದೆ ಎಲ್ಲೆಡೆಯೂ ಪಾಲಿಸಿದಾಗಲೇ ಅವು ಮಹಾವ್ರತ. ಭಾಷ್ಯಕಾರ ವ್ಯಾಸ ಉದಾಹರಣೆ ಕೊಟ್ಟು ತಿಳಿಸುತ್ತಾನೆ: ಮೀನುಗಾರನು ಮೀನನ್ನು ಬಿಟ್ಟು ಬೇರೆಯದನ್ನು ಕೊಲ್ಲುವುದಿಲ್ಲವೆಂದರೆ, ಇನ್ನೊಬ್ಬನು ತೀರ್ಥಕ್ಷೇತ್ರದಲ್ಲಿ ಮಾತ್ರ ಕೊಲ್ಲುವುದಿಲ್ಲವೆಂದರೆ, ಮತ್ತೊಬ್ಬನು ಚತುರ್ದಶಿಯಂದು ಮಾತ್ರ ಕೊಲ್ಲುವುದಿಲ್ಲವೆಂದರೆ ಅದು ಮಹಾವ್ರತವಾಗಲಾರದು. ಜಾತಿಯೆಂಬ ಪದ ಇಲ್ಲಿ ಮುಖ್ಯವಾಗಿ ಪ್ರಾಣಿಯ ವರ್ಗವನ್ನು ಹೇಳುತ್ತದೆ, ನಿಜ. ಆದರೆ ತತ್ತ್ವವನ್ನು ಒಪ್ಪಿದ ಮೇಲೆ ಅದನ್ನು ಅಲ್ಲಿಗೇ ನಿಲ್ಲಿಸುವ ನ್ಯಾಯವೆಲ್ಲಿ? ತನ್ನವರಿಗೆ ಸತ್ಯ, ಪರರಿಗೆ ಸುಳ್ಳು. ಮೇಲಿನವನಿಗೆ ದಯೆ, ಕೆಳಗಿನವನಿಗೆ ಹಿಂಸೆ ಎಂಬ ನಡತೆ ಯಮವಲ್ಲ.

ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ಮದುವೆಯ ಕಥೆಯನ್ನು ಶರಣ ಸಾಹಿತ್ಯ ಹೇಳುತ್ತದೆ. ಆ ಮದುವೆಗಾಗಿ ಇಬ್ಬರು ತಂದೆಯರು ಪ್ರಾಣತೆತ್ತರು, ಕಲ್ಯಾಣ ಹೊತ್ತಿ ಉರಿಯಿತು. ಶರಣರು ಅಂತರಂಗದ ಅನುಭಾವವನ್ನು ಕುರಿತು ಮಂಟಪದಲ್ಲಿ ಮಾತನಾಡುತ್ತಿದ್ದಷ್ಟು ಕಾಲ ಅವರಿಂದ ಯಾರಿಗೂ ಅಪಾಯವಿರಲಿಲ್ಲ. ಆ ಅನುಭಾವ ಬಹಿರಂಗಕ್ಕೆ ಬಂದು ಮದುವೆಯ ಚಪ್ಪರ ಏರಿದಾಗ ರಾಜ್ಯವೇ ನಡುಗಿತು. ಬಹಿರಂಗ ಸಾಧನೆ ಸುಲಭ, ಅಂತರಂಗ ಸಾಧನೆ ಕಷ್ಟ ಎನ್ನುವವರು ಈ ಚರಿತ್ರೆಯನ್ನು ನೆನೆಯಬೇಕು.

ಹಾಗೆಂದು ಶರಣರು ಬರಿಯ ಬಹಿರಂಗವನ್ನು ಎತ್ತಿಹಿಡಿದವರೂ ಅಲ್ಲ. ಅಲ್ಲಮಪ್ರಭುವಿಗೂ ಗೋರಕ್ಷನಿಗೂ ನಡೆದ ಭೇಟಿಯ ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ. ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ ಶೂನ್ಯಸಂಪಾದನೆಗಳಲ್ಲಿಯೂ ಅದು ವಿಸ್ತಾರವಾಗಿ ಬಂದಿದೆ. ಹಠಯೋಗದಿಂದ ವಜ್ರದೇಹ ಪಡೆದಿದ್ದ ಗೋರಕ್ಷನನ್ನು ಕತ್ತಿಯಿಂದ ಹೊಡೆದರೆ ಖಣಿಲೆಂಬ ಸದ್ದು ಮಾತ್ರ. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದರೆ ಅದು ಬಯಲಿನಲ್ಲಿ ಹಾಯ್ದುಹೋಯಿತು. ಈ ಗ್ರಂಥಗಳು ಹದಿನೈದನೆಯ ಶತಮಾನದವು, ಅಲ್ಲಮನ ಕಾಲಕ್ಕಿಂತ ಎರಡೂವರೆ ಶತಮಾನ ಈಚಿನವು. ಆದುದರಿಂದ ಇದನ್ನು ನಡೆದ ಸಂಗತಿಯೆಂದು ತೆಗೆದುಕೊಳ್ಳುವುದಕ್ಕಿಂತ ಕನ್ನಡ ನಾಡು ತಲುಪಿದ ತೀರ್ಮಾನವೆಂದು ತೆಗೆದುಕೊಳ್ಳುವುದು ಮೇಲು. ತೀರ್ಮಾನ ಇಷ್ಟೆ: ಸಾಧನೆಯಿಂದ ‘ನಾನು’ ಗಟ್ಟಿಯಾಗುವುದಾದರೆ ಆ ಸಾಧನೆ ದಾರಿ ತಪ್ಪಿದೆ. ಸಾಧನೆಯಿಂದ ದೊರೆಯುವ ಸಿದ್ಧಿಗಳು ಸಮಾಧಿಗೆ ಅಡ್ಡಿ ಎಂದು ಪತಂಜಲಿಯೂ ಎಚ್ಚರಿಸಿದ್ದಾನೆ.

ಕಲ್ಯಾಣದ ಪತನವಾಗಿ ಎರಡೂವರೆ ಶತಮಾನ ಕಳೆದ ಮೇಲೆ ಈ ಸೀಮೆಯ ಅಧಿಕಾರ ಬೀದರ ಪಟ್ಟಣಕ್ಕೆ ಬಂತು. 1422ರಿಂದ 1436ರವರೆಗೆ ಆಳಿದ ಬಹಮನಿ ಸುಲ್ತಾನ ಅಹಮದ್ ಷಾ ಗುಲ್ಬರ್ಗದಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. ಇರಾನಿನ ಸೂಫಿ ಸಂತ ಷಾ ನಿಅಮತುಲ್ಲಾನ ವಂಶದವರು ಅವನ ಆಹ್ವಾನದಿಂದ ಬೀದರಕ್ಕೆ ಬಂದರು. ಆ ಸಂತನ ಮಗ ಖಲೀಲುಲ್ಲಾನ ಸಮಾಧಿಯಾದ ಚೌಖಂಡಿ ಅಷ್ಟೂರಿಗೆ ಹೋಗುವ ದಾರಿಯಲ್ಲಿ ಇಂದಿಗೂ ನಿಂತಿದೆ. ಸೂಫಿಗಳಲ್ಲಿಯೂ ಜಾಹಿರ್ ಮತ್ತು ಬಾತಿನ್, ಎಂದರೆ ಹೊರಗು ಮತ್ತು ಒಳಗು, ಎಂಬ ಜೋಡಿಪದಗಳಿವೆ. ಹೊರಗಿನ ವಿಧಿಗಳನ್ನು ತೊರೆದು ಒಳಗಿನ ಅನುಭವವೆನ್ನುವವನನ್ನು ಅವರ ದೊಡ್ಡ ಗುರುಗಳು ಒಪ್ಪಿಲ್ಲ. ಒಳಗಿಲ್ಲದ ಹೊರಗನ್ನೂ ಒಪ್ಪಿಲ್ಲ.

ಅಹಮದ್ ಷಾನ ವಿಷಯದಲ್ಲಿ ಚರಿತ್ರೆ ನಮ್ಮನ್ನು ಯೋಚನೆಗೆ ಹಚ್ಚುತ್ತದೆ. ಬರಗಾಲದಲ್ಲಿ ಅವನು ಪ್ರಾರ್ಥಿಸಿದಾಗ ಮಳೆ ಬಂದಿತೆಂದೂ ಅದಕ್ಕಾಗಿ ಜನ ಅವನನ್ನು ‘ವಲಿ’ ಎಂದು ಕರೆದರೆಂದೂ ಫರಿಶ್ತಾ ಬರೆದಿದ್ದಾನೆ. ವಿಜಯನಗರದ ಮೇಲಿನ ಯುದ್ಧಗಳಲ್ಲಿ ಅವನು ನಡೆಸಿದ ಕೊಲೆಗಳನ್ನೂ ಅದೇ ಫರಿಶ್ತಾ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಒಳಗಿನ ಭಕ್ತಿ, ಹೊರಗಿನ ಹಿಂಸೆ ಒಬ್ಬನಲ್ಲಿಯೇ ಕೂಡಿರಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಅಹಿಂಸೆಯನ್ನು ಪತಂಜಲಿ ಎಲ್ಲಕ್ಕಿಂತ ಮೊದಲು ಇಟ್ಟದ್ದು ಸುಮ್ಮನೆ ಅಲ್ಲ.

ಆದರೆ ಜನ ಆ ಸಮಾಧಿಯನ್ನು ತಮ್ಮದೇ ರೀತಿಯಲ್ಲಿ ತಿದ್ದಿಕೊಂಡರು. ಅಷ್ಟೂರಿನಲ್ಲಿ ಅಹಮದ್ ಷಾನ ಉರುಸು ಹಿಂದೂ ಚಾಂದ್ರಮಾನದ ಲೆಕ್ಕದಂತೆ ಹೋಳಿಯ ಅನಂತರ ನಡೆಯುತ್ತ ಬಂದಿದೆ. ಕಲಬುರಗಿ ಸೀಮೆಯ ಮಾಡಿಯಾಳದ ಜಂಗಮರು ಪರಿವಾರದೊಡನೆ ಬಂದು ಶಂಖ ಊದಿ ಹೂವೇರಿಸುವ ಪದ್ಧತಿಯನ್ನು ಗುಲಾಮ್ ಯಜ್ದಾನಿಯವರು ಬೀದರದ ಸ್ಮಾರಕಗಳನ್ನು ಕುರಿತ 1947ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಸಮಾಧಿಯಲ್ಲಿರುವವನು ಅಲ್ಲಮಪ್ರಭುವೇ ಎಂದು ಭಕ್ತರ ನಂಬಿಕೆ. ಇತಿಹಾಸಕಾರ ಇದನ್ನು ಒಪ್ಪಲಾರ. ಆದರೆ ಗೋರಕ್ಷನ ವಜ್ರದೇಹಕ್ಕಿಂತ ಬಯಲೇ ದೊಡ್ಡದೆಂದ ಅಲ್ಲಮನ ಹೆಸರನ್ನು ಕತ್ತಿ ಹಿಡಿದ ಸುಲ್ತಾನನ ಗೋರಿಗೆ ಇಟ್ಟ ಜನ, ಎರಡು ಸಮುದಾಯಗಳನ್ನು ವರ್ಷಕ್ಕೊಮ್ಮೆ ಒಂದೇ ಅಂಗಳದಲ್ಲಿ ನಿಲ್ಲಿಸಿದರು. ಇದು ಬಹಿರಂಗದ ಕೆಲಸ. ಇದನ್ನು ಕಡಿಮೆಯೆನ್ನಲಾಗದು.

ಬಹಮನಿ ರಾಜವಂಶದವನೆಂದು ಪರಂಪರೆ ಹೇಳುವ ಷಾ ಮುಂತೋಜಿ ಎಂಬಾತನನ್ನೂ ಇಲ್ಲಿ ಮರೆಯಬಾರದು. ಕಲ್ಯಾಣದ ಸಹಜಾನಂದರ ಶಿಷ್ಯನಾಗಿ ಮೃತ್ಯುಂಜಯನೆಂಬ ಹೆಸರು ಪಡೆದ ಅವನು ಮರಾಠಿಯಲ್ಲಿ ಸಿದ್ಧಸಂಕೇತ ಪ್ರಬಂಧವೆಂಬ ಗ್ರಂಥ ಬರೆದನು. ಮುಸಲ್ಮಾನ ಮನೆತನದ ಶಿಷ್ಯ, ಶೈವ ಹೆಸರು, ಮರಾಠಿಯ ಗ್ರಂಥ, ಕನ್ನಡ ನೆಲ. ಬೀದರ ಸೀಮೆಯ ಸ್ವಭಾವವೇ ಅಂಥದು.

ಬೀದರದಿಂದ ವಾಯವ್ಯಕ್ಕೆ ಸರಿದರೆ ಭಾಲ್ಕಿ. ಉತ್ತರಕ್ಕೆ ಮಾಂಜ್ರಾ ನದಿಯಾಚೆ ಔರಾದ. ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ದನಗಳ ಸಂತೆ ಹೆಸರುವಾಸಿ. ದೇವಣಿ ತಳಿಯ ಎತ್ತುಗಳಿಗೆ ಇದು ತವರುಸೀಮೆ. ಕನ್ನಡ, ಮರಾಠಿ, ತೆಲುಗು, ಉರ್ದು ಮಾತುಗಳು ಒಂದೇ ಸಂತೆಯಲ್ಲಿ ಕೇಳುವ ಈ ಗಡಿನಾಡಿನಲ್ಲಿ, ಔರಾದ ತಾಲ್ಲೂಕಿಗೆ ಸೇರಿದ್ದ ಕಮಲನಗರದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹುಟ್ಟಿದವರು ಚನ್ನಬಸವ ಪಟ್ಟದ್ದೇವರು. ಬಾದಾಮಿಯ ಹತ್ತಿರ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರದಲ್ಲಿ ಅವರು ಅಭ್ಯಾಸ ಮಾಡಿದರು. ಯೋಗಾಭ್ಯಾಸ, ಲಿಂಗಪೂಜೆ, ಶಾಸ್ತ್ರಾಧ್ಯಯನಗಳಲ್ಲಿ ಮಠಾಧಿಪತಿಗಳನ್ನು ತರಬೇತುಗೊಳಿಸುವುದಕ್ಕಾಗಿಯೇ ಹುಟ್ಟಿದ ಸಂಸ್ಥೆ ಅದು. ಅಂಥ ಶಿಕ್ಷಣ ಪಡೆದವರು ಭಾಲ್ಕಿಯ ಹಿರೇಮಠದಲ್ಲಿ ಕಣ್ಣುಮುಚ್ಚಿ ಕುಳಿತಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಆಗ ನಾಡು ನಿಜಾಮರ ಆಳ್ವಿಕೆಯಲ್ಲಿತ್ತು. ಸರ್ಕಾರದ ಭಾಷೆ ಉರ್ದು, ಶಾಲೆಯ ಭಾಷೆಯೂ ಉರ್ದು. ಕನ್ನಡದ ಮನೆಯ ಹುಡುಗ ಕನ್ನಡದಲ್ಲಿ ತನ್ನ ಹೆಸರು ಬರೆಯಲಾರದ ಸ್ಥಿತಿ. ಪಟ್ಟದ್ದೇವರು ಶಾಲೆ ತೆರೆದರು. ಹೊರಗೆ ಉರ್ದುವಿನ ಹಲಗೆ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು ಎಂಬ ಮಾತು ಬೀದರ ಸೀಮೆಯಲ್ಲಿ ಮನೆಮಾತಾಗಿದೆ. ಜೋಳಿಗೆ ಹಿಡಿದು ಕಾಳು ಕೂಡಿಸಿ ಬಡ ಮಕ್ಕಳಿಗೆ ಊಟ ಹಾಕಿದರು. ಜಾತಿಯ ಮಿತಿಯನ್ನು ಮೀರಿ ಅವರನ್ನು ಮಠದಲ್ಲಿ ಇಟ್ಟುಕೊಂಡರು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯವನ್ನು ಸೇರಿದವು. ಆ ಹೊತ್ತಿಗೆ ಈ ಗಡಿಯಲ್ಲಿ ಕನ್ನಡ ಓದುವವರು ಇದ್ದರೆಂದರೆ ಅದಕ್ಕೆ ಇಂತಹ ಶಾಲೆಗಳೂ ಕಾರಣ. 1999ರಲ್ಲಿ, ನೂರು ವರ್ಷ ದಾಟಿದ ಬಾಳನ್ನು ಮುಗಿಸಿ, ಅವರು ಲಿಂಗೈಕ್ಯರಾದರು.

ಯೋಗಶಾಸ್ತ್ರದ ದೃಷ್ಟಿಯಿಂದ ಇಲ್ಲಿ ಒಂದು ಆಕ್ಷೇಪ ಬರಬಹುದು. ಹೊರಗೊಂದು, ಒಳಗೊಂದು ಎನ್ನುವುದು ಸತ್ಯವ್ರತಕ್ಕೆ ಭಂಗವಲ್ಲವೇ? ಪ್ರಶ್ನೆ ತಳ್ಳಿಹಾಕುವಂಥದಲ್ಲ. ಇದಕ್ಕೆ ಉತ್ತರ ವ್ಯಾಸಭಾಷ್ಯದಲ್ಲಿಯೇ ಇದೆ. ಮಾತು ಎಲ್ಲ ಜೀವಿಗಳ ಉಪಕಾರಕ್ಕಾಗಿ ಹೊರಟಿರಬೇಕು. ಜೀವಿಗಳನ್ನು ಕೆಡಿಸುವ ಮಾತು ಸತ್ಯದಂತೆ ಕಂಡರೂ ಸತ್ಯವಲ್ಲ, ಅದು ಪುಣ್ಯದ ವೇಷ ತೊಟ್ಟ ಪಾಪ ಎಂದು ಭಾಷ್ಯಕಾರ ಹೇಳುತ್ತಾನೆ. ಡಾಂಭಿಕನಿಗೂ ಪಟ್ಟದ್ದೇವರಿಗೂ ಇರುವ ವ್ಯತ್ಯಾಸ ಇಲ್ಲಿದೆ. ಡಾಂಭಿಕನು ಹೊರಗೆ ಹೊಳಪಿಟ್ಟು ಒಳಗೆ ಬರಿದಾಗಿರುತ್ತಾನೆ. ಹೊರಗಿನ ಹೊಳಪಿನ ಲಾಭ ಅವನಿಗೆ. ಇವರ ಹಲಗೆಯ ಲಾಭ ಒಳಗೆ ಕುಳಿತ ಮಕ್ಕಳಿಗೆ, ಅಪಾಯ ಮಾತ್ರ ತಮಗೆ. ಹಾಗಿದ್ದರೂ ಈ ಉತ್ತರವನ್ನು ನಾವು ಎಚ್ಚರದಿಂದ ಬಳಸಬೇಕು. ಪರೋಪಕಾರದ ಹೆಸರಿನಲ್ಲಿ ಸುಳ್ಳು ಹೇಳುವ ಸೌಲಭ್ಯ ಎಲ್ಲರಿಗೂ ಬೇಕೆನಿಸುತ್ತದೆ. ಲಾಭ ಯಾರಿಗೆ, ಅಪಾಯ ಯಾರಿಗೆ ಎಂದು ಕೇಳಿಕೊಂಡರೆ ಹೆಚ್ಚಿನ ಸುಳ್ಳುಗಳು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಲಾರವು.

ಮಿತಾಕ್ಷರೆಯ ಗಡಿಕಲ್ಲು, ಹರಳಯ್ಯನ ಮನೆಯ ಮದುವೆ, ಅಷ್ಟೂರಿನ ಅಂಗಳ, ಭಾಲ್ಕಿಯ ಶಾಲೆ: ಇವು ನಾಲ್ಕೂ ಬೇರೆ ಬೇರೆ ಕಾಲದವು, ಬೇರೆ ಬೇರೆ ಮತದವರಿಗೆ ಸಂಬಂಧಿಸಿದವು. ಪತಂಜಲಿಯನ್ನು ಓದಿಕೊಂಡೇ ಇವರೆಲ್ಲ ನಡೆದರೆಂದು ನಾನು ಹೇಳುತ್ತಿಲ್ಲ. ಆದರೆ ಬಹಿರಂಗವೆಂದರೆ ಮುಖ್ಯವಾಗಿ ನಮ್ಮ ಮೈಯಲ್ಲ, ನಮ್ಮ ಎದುರಿಗೆ ನಿಂತ ಇನ್ನೊಬ್ಬ ಮನುಷ್ಯ ಎಂಬುದನ್ನು ಇವು ನಾಲ್ಕೂ ತೋರಿಸುತ್ತವೆ.

ಆದುದರಿಂದ ಬೆಳಗಿನ ಹೊತ್ತು ಚಾಪೆ ಹಾಸಿ ಆಸನ ಮಾಡುವವರನ್ನು ಹೀಯಾಳಿಸಬೇಕಾಗಿಲ್ಲ. ಆಸನವೂ ಎಂಟರಲ್ಲಿ ಒಂದು. ಸ್ಥಿರವಾಗಿ, ಸುಖವಾಗಿ ಕುಳಿತುಕೊಳ್ಳಲಾರದವನಿಗೆ ಧ್ಯಾನವೆಲ್ಲಿಂದ ಬರಬೇಕು? ನಮ್ಮ ಕಾಲದ ಕೊರತೆ ಬಹಿರಂಗ ಹೆಚ್ಚಾಗಿ ಅಂತರಂಗ ಕಡಿಮೆಯಾದದ್ದಲ್ಲ. ಬಹಿರಂಗದ ಐದು ಮೆಟ್ಟಿಲುಗಳಲ್ಲಿ ಮೊದಲ ಎರಡನ್ನು ಹಾರಿ ಮೂರನೆಯದರ ಮೇಲೆ ಕಾಲಿಟ್ಟಿದ್ದೇವೆ. ಧ್ಯಾನವನ್ನು ಹೊಗಳುವವರೂ ಹಾಗೆಯೇ ಐದನ್ನೂ ಹಾರಿ ಆರನೆಯದಕ್ಕೆ ಕೈಚಾಚುತ್ತಾರೆ. ಮಾಡಿದ ಹಿಂಸೆ, ಮಾಡಿಸಿದ ಹಿಂಸೆ, ಒಪ್ಪಿ ಸುಮ್ಮನಿದ್ದ ಹಿಂಸೆ ಎಂದು ಪತಂಜಲಿ ಮೂರು ಬಗೆ ಮಾಡಿದ್ದಾನೆ. ಮೂರನೆಯದು ನಮ್ಮಂಥ ಪಟ್ಟಣವಾಸಿಗಳಿಗೆ ಸೇರಿದ್ದು. ಚಾಪೆ ಮಡಿಸಿಟ್ಟು ಬೀದಿಗೆ ಇಳಿದ ಮೇಲೆ ಮನೆಗೆಲಸದವಳ ಸಂಬಳದಲ್ಲಿ, ಅಂಗಡಿಯ ತೂಕದಲ್ಲಿ, ಕಛೇರಿಯ ಮೇಜಿನಲ್ಲಿ, ನೆರೆಯವನ ಗೋಡೆಯಲ್ಲಿ ಯೋಗದ ಮೊದಲ ಅಂಗ ನಮಗಾಗಿ ಕಾದಿರುತ್ತದೆ.